ಪಾಟ್ಟಿಯ ಪಟ್ಟಿ

ನಮ್ಮ ದೊಡ್ಡಮ್ಮ ಒಂದಿಷ್ಟು ಸೋಮಾರಿಯಾಗಿದ್ದಿದ್ದರೆ ನಮ್ಮ ಮನೆಯವರೆಲ್ಲ ಎಷ್ಟು ಸುಖವಾಗಿ ಇರಬಹುದಾಗಿತ್ತು!

ಇದನ್ನು ಬೇಸರದಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಮ್ಮ ಮಾವನವರು ದಿನಕ್ಕೆರಡು ಸಲ ದೇವರ ಮುಂದೆ ಕೈ ಮುಗಿದು ಕೇಳಿಕೊಳ್ಳುವುದೂ ಇದನ್ನೇ. ಉಳಿದ ಮನೆಗಳಲ್ಲಿ ‘ಇವರು ಕೆಲಸ ಮಾಡುವುದಿಲ್ಲ’ ಎಂದು ಜಗಳ. ನಮ್ಮಲ್ಲಿ ‘ಇವರು ಕೆಲಸ ನಿಲ್ಲಿಸುವುದಿಲ್ಲ’ ಎಂದು ಜಗಳ. ಅವರು ಒಬ್ಬರೇ ಮಾಡಿಕೊಂಡರೆ ಯಾರಿಗೇನು ತೊಂದರೆ ಹೇಳಿ? ಆದರೆ ಅವರ ಹತ್ತಿರ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿ ನಾವೂ ಇದ್ದೇವೆ!

ದೊಡ್ಡಮ್ಮ ಎಂದರೆ ನನ್ನ ಅತ್ತೆಯ ಅಕ್ಕ. ನನ್ನ ಗಂಡ ಹಾಗೆ ಕರೆಯುವುದರಿಂದ ನನಗೂ ದೊಡ್ಡಮ್ಮ. ಮಡತ್ತುಕುಳಂ ಹತ್ತಿರ ಅಮರಾವತಿ ಕಾಲುವೆಯ ಪಕ್ಕ ಒಂದಿಷ್ಟು ತೆಂಗು, ಒಂದಿಷ್ಟು ಕಬ್ಬು ಇಟ್ಟುಕೊಂಡ ಮನೆ ನನ್ನ ಅತ್ತೆ ಮಾವನವರದು. ಅವರ ಹಿರಿಯರು ಯಾವ ಕಾಲದಲ್ಲೋ ಘಟ್ಟ ಇಳಿದು ಬಂದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಹೊಸ್ತಿಲ ಮೇಲೆ ನಿಂತರೆ ಎರಡೂ. ನಾನು ಚಾಮರಾಜನಗರದವಳು. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಆಡುವುದು ಕನ್ನಡವೇ ಎಂದು ತಿಳಿಯಲು ನನಗೆ ಎರಡು ವಾರ ಹಿಡಿಯಿತು. ನಾನು ಆಡುವುದೂ ಕನ್ನಡವೇ ಎಂದು ಅವರು ಇನ್ನೂ ಪೂರ್ತಿ ಒಪ್ಪಿಲ್ಲ.

ನನ್ನ ಗಂಡ ನೀರಿನ ಪಂಪು ರಿಪೇರಿ ಮಾಡುವವರು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನಾವು ಇರುವುದು ಶರವಣಂಪಟ್ಟಿಯಲ್ಲಿ. ಕೊಯಮತ್ತೂರಿನ ಸುತ್ತ ಎತ್ತ ತಿರುಗಿದರೂ ಪಟ್ಟಿಗಳೇ, ಏಕೆಂದರೆ ತಮಿಳಿನಲ್ಲಿ ಪಟ್ಟಿ ಎಂದರೆ ಹಳ್ಳಿ. ದೊಡ್ಡಮ್ಮನನ್ನು ಅಕ್ಕಪಕ್ಕದ ಮಕ್ಕಳು ಕರೆಯುವುದು ಪಾಟ್ಟಿ ಎಂದು, ಅಂದರೆ ಅಜ್ಜಿ. ಹೀಗಾಗಿ ನಮ್ಮ ಬದುಕು ಏನಾಗಿದೆ ಎಂದರೆ, ವಾರದಲ್ಲಿ ಐದು ದಿನ ಪಟ್ಟಿಯಲ್ಲಿ, ಶನಿವಾರ ಭಾನುವಾರ ಪಾಟ್ಟಿಯ ಪಟ್ಟಿಯಲ್ಲಿ!

ಗಂಡ ತೀರಿಕೊಂಡಾಗ ದೊಡ್ಡಮ್ಮನಿಗೆ ಇನ್ನೂ ಚಿಕ್ಕ ವಯಸ್ಸು, ಮಕ್ಕಳಿರಲಿಲ್ಲ. ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಗೆ ಸೇರಿದರು. ಅಲ್ಲಿ ಹೊಲಿದು ಬಂದ ಬನಿಯನ್ನು, ಟೀ ಶರ್ಟುಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿ ತಪ್ಪು ಹುಡುಕುವುದಕ್ಕೆ ‘ಚೆಕಿಂಗ್’ ಎನ್ನುತ್ತಾರೆ. ದೊಡ್ಡಮ್ಮ ಮೂವತ್ತು ವರ್ಷ ಚೆಕಿಂಗಿನಲ್ಲಿದ್ದವರು. ಒಂದು ಹೊಲಿಗೆ ತಪ್ಪಿದ್ದರೆ, ಒಂದು ನೂಲು ಜಾರಿದ್ದರೆ ‘ಡ್ಯಾಮೇಜು’ ಎಂದು ಪಕ್ಕಕ್ಕೆ ಎಸೆಯಬೇಕು. ನಿವೃತ್ತಿಯಾಗಿ ತಂಗಿಯ ಮನೆಗೆ ಬಂದರು. ಕಂಪೆನಿಯವರು ಕೆಲಸದಿಂದ ಕಳಿಸಿದರೇ ಹೊರತು ಆ ಕಣ್ಣುಗಳನ್ನು ವಾಪಸು ಇಸಿದುಕೊಳ್ಳಲಿಲ್ಲ. ಅದೇ ಆದ ತಪ್ಪು! ಈಗ ಅವರು ಗೋಡೆ ನೋಡಿದರೆ ಡ್ಯಾಮೇಜು, ಬಾಗಿಲು ನೋಡಿದರೆ ಡ್ಯಾಮೇಜು, ಮಾವನವರನ್ನು ನೋಡಿದರೆ ಮೇಲಿಂದ ಕೆಳಗಿನವರೆಗೆ ಡ್ಯಾಮೇಜು.

ಕಂಡ ತಪ್ಪನ್ನೆಲ್ಲ ಬರೆದುಕೊಳ್ಳಲು ಪುಸ್ತಕ ಸಾಲದು ಎಂದು ಅವರಿಗೆ ಮೊದಲೇ ಗೊತ್ತಿತ್ತೋ ಏನೋ. ಕಂಪೆನಿಯಿಂದ ಬರುವಾಗ ಲೇಬಲ್ ಟೇಪಿನ ದೊಡ್ಡ ಸುರುಳಿಯೊಂದನ್ನು ಕೇಳಿ ತಂದಿದ್ದರು. ಅಂಗಿಯ ಕತ್ತಿನ ಒಳಗೆ ಒಂದು ತುಂಡು ರಿಬ್ಬನ್ ಹೊಲಿದಿರುತ್ತಾರಲ್ಲ, ಅದು. ಮುಂಭಾಗದಲ್ಲಿ ಉದ್ದಕ್ಕೂ ‘ಹಿಂಡಬೇಡಿ, ಬಿಸಿ ಇಸ್ತ್ರಿ ಹಾಕಬೇಡಿ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅಚ್ಚಿನಲ್ಲಿ ಒಂದಕ್ಷರ ತಪ್ಪಿದ್ದರಿಂದ ಕಂಪೆನಿಯವರು ಎಸೆದಿದ್ದರು. ಹಿಂಭಾಗ ಖಾಲಿ. ಅಲ್ಲಿ ದೊಡ್ಡಮ್ಮನ ಪಟ್ಟಿ ಶುರುವಾಯಿತು. ಮುಂದೆ ‘ಹಿಂಡಬೇಡಿ’, ಹಿಂದೆ ನಮ್ಮನ್ನೆಲ್ಲ ಹಿಂಡುವ ಯಾದಿ! ಒಂದು ಕೆಲಸಕ್ಕೆ ಒಂದು ಸಾಲು. ಮುಗಿದರೆ ಗೀಟು. ಸುರುಳಿ ಸುತ್ತಿ ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯಿತು.

ಮದುವೆಯ ಮಾರನೆಯ ದಿನ ಅವರು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. “ಇದು ತೆಂಗು. ಇದು ಕಬ್ಬು. ಅದು ಬಾವಿ, ಬಗ್ಗಿ ನೋಡ್ಬೇಡ. ಇದು ಹಸು, ಒದೀತದೆ” ಎಂದು ಇಪ್ಪತ್ತು ನಿಮಿಷದಲ್ಲಿ ಎಲ್ಲ ತೋರಿಸಿದರು. ಎಷ್ಟು ಪ್ರೀತಿ ಎಂದು ನನ್ನ ಕಣ್ಣು ತುಂಬಿ ಬರುವಷ್ಟರಲ್ಲಿ ಸೊಂಟದಿಂದ ಸುರುಳಿ ತೆಗೆದು, ಪೆನ್ನು ಹಿಡಿದು, ಒಂದು ಸಾಲಿಗೆ ಸರಕ್ಕನೆ ಗೀಟು ಎಳೆದರು.

“ಏನು ದೊಡ್ಡಮ್ಮ ಅದು?”

“ಹೊಸ ಸೊಸೆಗೆ ತೋಟ ಕಾಣಿಸೋದು. ಆ ವೇಲೆ ಮುಗೀತು ಕಣ್ಣು. ಇನ್ನು ನೀನೇ ನೋಡ್ಕೋ.”

ವೇಲೆ ಎಂದರೆ ಕೆಲಸ. ಕಣ್ಣು ಎಂದರೆ ಚಿನ್ನ, ಮರಿ ಎನ್ನುವ ಹಾಗೆ. ಒಂದೇ ವಾಕ್ಯದಲ್ಲಿ ನಾನು ಕಣ್ಣೂ ಆಗಿದ್ದೆ, ಮುಗಿದ ಕೆಲಸವೂ ಆಗಿದ್ದೆ.

ಇಷ್ಟು ಚುರುಕಾಗಿ ಮುಗಿಸುವವರ ಪಟ್ಟಿ ಏಕೆ ಚಿಕ್ಕದಾಗುವುದಿಲ್ಲ ಎಂದು ನೀವು ಕೇಳಬಹುದು. ಗಣಿತದವಳಾದ ನಾನೂ ಬಹಳ ದಿನ ತಲೆ ಕೆಡಿಸಿಕೊಂಡೆ. ದಿನಕ್ಕೆ ಐದು ಕೆಲಸ ಕಳೆದರೆ, ಹತ್ತು ದಿನಕ್ಕೆ ಐವತ್ತು ಕಳೆಯಬೇಕಲ್ಲವೇ? ಬಚ್ಚಲುಮನೆಯ ಚಿಲಕದ ಪ್ರಸಂಗ ನಡೆದ ಮೇಲೆ ನನಗೆ ಅರ್ಥವಾಯಿತು.

ಬಚ್ಚಲುಮನೆಯ ಚಿಲಕ ಮುರಿದಿತ್ತು. ಒಳಗೆ ಜನ ಇದ್ದಾರೆ ಎಂದು ಗೊತ್ತಾಗಲು, ಸ್ನಾನ ಮಾಡುವವರು ಹಾಡು ಹೇಳಿಕೊಳ್ಳಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಮಾವನವರಿಗೆ ಹಾಡು ಬಾರದು. ಅವರು ಉಡುಮಲೆಯಿಂದ ಪಳನಿಯವರೆಗಿನ ಬಸ್ ಸ್ಟಾಪುಗಳನ್ನು ಗಟ್ಟಿಯಾಗಿ ಹೇಳಲು ಶುರುಮಾಡಿದರು. ಹೊರಗೆ ಟವೆಲು ಹಿಡಿದು ಕಾಯುವವರಿಗೆ ಇದರಿಂದ ಬಹಳ ಅನುಕೂಲವಾಯಿತು. ಮಡತ್ತುಕುಳಂ ಬಂತು ಎಂದರೆ ಅರ್ಧ ಸ್ನಾನ ಆಯಿತು. ಪಳನಿ ಬಂತು ಎಂದರೆ ಮೈ ಒರೆಸಿಕೊಳ್ಳುತ್ತಿದ್ದಾರೆ.

ದೊಡ್ಡಮ್ಮ ಚಿಲಕವನ್ನು ಪಟ್ಟಿಗೆ ಸೇರಿಸಿ ಆಚಾರಿಯನ್ನು ಕರೆಸಿದರು. ಆಚಾರಿ ನೋಡಿ, “ಚಿಲಕ ಹಾಕಬಹುದು ಅಮ್ಮಾ, ಆದರೆ ನೀರು ನಿಂತು ಬಾಗಿಲೇ ಉಬ್ಬಿದೆ” ಎಂದ. ಪಟ್ಟಿಗೆ ‘ಮೋರಿ ಸರಿಮಾಡಿಸಬೇಕು’ ಸೇರಿತು. ಮೋರಿ ಅಗೆದರೆ ತೆಂಗಿನ ಬೇರು. ಮರ ನೋಡಲು ತೆಂಗಿನ ಮರ ಹತ್ತುವವನು ಬಂದ. ಬೇರಿನ ಮಾತು ಬಿಟ್ಟು, “ಮರದ ತಲೆಯಲ್ಲಿ ಇಲಿ ಗೂಡು ಕಟ್ಟಿದೆ” ಎಂದ. ಪಕ್ಕದ ತೋಟದಿಂದ ಇಲಿ ಬೋನು ಬಂತು. ಬೋನಿನ ಸ್ಪ್ರಿಂಗು ಕೆಟ್ಟಿತ್ತು. ಬೇರೆಯವರ ಸಾಮಾನನ್ನು ಕೆಟ್ಟದ್ದು ಕೆಟ್ಟ ಹಾಗೆ ವಾಪಸು ಕೊಡಲಾಗುತ್ತದೆಯೇ? ಉಡುಮಲೆಯ ಲೇತ್ ಅಂಗಡಿಗೆ ಹೋದರು. ಆ ಅಂಗಡಿಯವನು ಮಾತಾಡುತ್ತಾ ಆಡುತ್ತಾ ಚೆಕಿಂಗಿನಲ್ಲಿ ದೊಡ್ಡಮ್ಮನ ಪಕ್ಕ ಕೂರುತ್ತಿದ್ದ ಹೆಂಗಸಿನ ತಮ್ಮ ಎಂದು ಗೊತ್ತಾಯಿತು. ಆ ಹೆಂಗಸಿನ ಮಗಳಿಗೆ ಧಾರಾಪುರದಲ್ಲಿ ಮದುವೆ.

ನಾಲ್ಕು ತಿಂಗಳ ಮೇಲೆ ನಾವೆಲ್ಲ ಧಾರಾಪುರದ ಛತ್ರದಲ್ಲಿ ಬಾಳೆಯೆಲೆಯ ಮುಂದೆ ಕೂತಿದ್ದೆವು. ಪಾಯಸ ಬಡಿಸುವ ಹೊತ್ತಿಗೆ ಮಾವನವರು ಮೆಲ್ಲನೆ ಕೇಳಿದರು: “ಅಕ್ಕಾ, ನಮ್ಮ ಬಚ್ಚಲ ಚಿಲಕ ಏನಾಯ್ತು?”

ದೊಡ್ಡಮ್ಮನಿಗೆ ಸಿಟ್ಟು ಬಂತು. “ಮತ್ತೆ? ಆ ವೇಲೆಯಾಗಿ ತಾನೇ ಇಲ್ಲಿ ಬಂದಿರೋದು!”

ಪಟ್ಟಿಯ ಲಿಪಿಯದೇ ಇನ್ನೊಂದು ಕಥೆ. ದೊಡ್ಡಮ್ಮನಿಗೆ ಕನ್ನಡ ಅಕ್ಷರ ಬಾರದು. ಅವರು ಓದಿದ್ದೆಲ್ಲ ತಮಿಳು. ಆದರೆ ಯೋಚನೆ ಕನ್ನಡದಲ್ಲಿ. ಆದ್ದರಿಂದ ಪಟ್ಟಿಯೆಲ್ಲ ಕನ್ನಡದ ಮಾತು, ತಮಿಳಿನ ಅಕ್ಷರ. ಕನ್ನಡ ಬಲ್ಲ ನನಗೆ ಓದಲು ಬಾರದು, ಓದಬಲ್ಲ ತಮಿಳರಿಗೆ ಅರ್ಥವಾಗದು. ದೇಶದ ಗುಟ್ಟುಗಳನ್ನು ಕಾಯುವವರು ಬಂದು ಕಲಿಯಬೇಕಾದ ವಿದ್ಯೆ! ಜೊತೆಗೆ ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಗಾಡಿ ಎಂದು ಬರೆದರೂ ಕಾಡಿ, ಗಂಡ ಎಂದು ಬರೆದರೂ ಕಂಡ. ಬರೆದವರಿಗೆ ಗೊತ್ತು, ಓದುವವರು ಊಹಿಸಿಕೊಳ್ಳಬೇಕು.

ಒಂದು ದಿನ ದೊಡ್ಡಮ್ಮನ ಸೊಂಟದಿಂದ ಸುರುಳಿ ಬಸ್ಸಿನಲ್ಲಿ ಬಿದ್ದುಹೋಯಿತು. ಬಸ್ಸಿನ ಕಂಡಕ್ಟರ್ ಒಳ್ಳೆಯ ಮನುಷ್ಯ. ಡ್ಯೂಟಿ ಮುಗಿಸಿ, ವಿಚಾರಿಸಿಕೊಂಡು ಮನೆ ಬಾಗಿಲಿಗೇ ಬಂದ. ನಮ್ಮದೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಗೇಟಿನ ಮುಂದೆ ನಿಂತು ಗಟ್ಟಿಯಾಗಿ ಓದಲಾರಂಭಿಸಿದ. ಅಕ್ಕಪಕ್ಕದ ಹೆಂಗಸರು ಹೊರಗೆ ಬಂದರು. ಎರಡು ಸಾಲು ಯಾರಿಗೂ ಅರ್ಥವಾಗಲಿಲ್ಲ. ಮೂರನೆಯ ಸಾಲಿನಲ್ಲಿ ದೊಡ್ಡಮ್ಮ ಬರೆದುಕೊಂಡಿದ್ದದ್ದು ಬಹಳ ಸಾಧುವಾದ ವಿಷಯ: ‘ತಂಗಿ ಗಂಡನ ಗುಂಡಿ ಹೊಲಿಯಬೇಕು.’ ಮಾವನವರ ಅಂಗಿಯ ಎರಡು ಗುಂಡಿ ಬಿದ್ದುಹೋಗಿದ್ದವು, ಅಷ್ಟೇ. ಆದರೆ ಆ ಗ ಎಂಬ ಅಕ್ಷರ ಕ ಆಗಿ ಕಂಡಕ್ಟರನ ಬಾಯಿಂದ ಹೊರಬಿದ್ದರೆ ಗುಂಡಿ ಏನಾಗುತ್ತದೆ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಕನ್ನಡಕ್ಕೂ ತಮಿಳಿಗೂ ಎಷ್ಟೋ ಮಾತುಗಳಲ್ಲಿ ವ್ಯತ್ಯಾಸ ಇರಬಹುದು, ಆ ಒಂದು ಪದದಲ್ಲಿ ಮಾತ್ರ ಎರಡು ಭಾಷೆಗೂ ಒಂದು ಕೂದಲಿನಷ್ಟೂ ಭೇದವಿಲ್ಲ!

ಗೇಟಿನಲ್ಲೇ ನಿಂತಿದ್ದ ಮಾವನವರ ಮುಖ ನೋಡಬೇಕಿತ್ತು. ಕಂಡಕ್ಟರ್ ಓದುವುದು ನಿಲ್ಲಿಸಿ, ಹೊಲಿಯುವುದು ಎಂದರೆ ಏನು ಎಂದು ಅತ್ತೆಯಿಂದ ತಿಳಿದುಕೊಂಡು, ಅವರನ್ನು ಮೇಲಿಂದ ಕೆಳಗೆ ನೋಡಿ, ಕರುಣೆಯಿಂದ ಕೇಳಿದ: “ಯಾರಿಗೆ ಅಯ್ಯಾ ಆಪರೇಷನ್ನು?”

ಮಾವನವರು ಅಂದಿನಿಂದ ತಮ್ಮ ಅಂಗಿಯ ಗುಂಡಿಗಳನ್ನು ತಾವೇ ಹೊಲಿದುಕೊಳ್ಳುತ್ತಾರೆ. ಆ ಕಂಡಕ್ಟರ್ ಮಾತ್ರ ಈಗಲೂ ಅವರು ಬಸ್ಸು ಹತ್ತಿದ ಕೂಡಲೇ ಯಾರನ್ನಾದರೂ ಎಬ್ಬಿಸಿ, “ಕೂತುಕೊಳ್ಳೋಕೆ ಆಗುತ್ತಾ ಅಯ್ಯಾ?” ಎಂದು ವಿಚಾರಿಸುತ್ತಾನೆ.

ನಾನು ತಮಿಳು ಅಕ್ಷರ ಕಲಿತಿದ್ದು ಈ ಘಟನೆಯಾದ ಮೇಲೆ. ಮುಂದೆ ನನ್ನ ಬಗ್ಗೆ ಏನು ಬರೆಯುತ್ತಾರೋ ಎಂಬ ಭಯ!

ಒಮ್ಮೆ ನಮ್ಮ ಅತ್ತೆ ಆ ಸುರುಳಿಯನ್ನು ಸೀರೆಯ ಜೊತೆಗೆ ನೆನೆಹಾಕಿ, ಸೋಪು ಹಚ್ಚಿ, ಕಲ್ಲಿಗೆ ಬಡಿದು ಒಗೆದರು. ಗೊತ್ತಿಲ್ಲದೆ ಆಯಿತು ಎಂದು ಇಂದಿಗೂ ಹೇಳುತ್ತಾರೆ. ನಾವು ಯಾರೂ ನಂಬಿಲ್ಲ. ಹಗ್ಗದ ಮೇಲೆ ಗಜಗಟ್ಟಲೆ ಟೇಪು ಒಣಗುತ್ತಿದ್ದಾಗ ಮಾವನವರು, ಅತ್ತೆ, ನನ್ನ ಗಂಡ ಮೂವರೂ ಉಸಿರು ಬಿಗಿಹಿಡಿದು ಹತ್ತಿರ ಹೋಗಿ ನೋಡಿದರು. ಒಂದಕ್ಷರವೂ ಅಳಿಸಿರಲಿಲ್ಲ! ಲೇಬಲ್ಲು ಎಂದರೆ ನೂರು ಸಲ ಒಗೆದರೂ ಹೋಗಬಾರದು ಎಂದು ದೊಡ್ಡಮ್ಮ ಅದಕ್ಕೆಂದೇ ಇರುವ ಪೆನ್ನಿನಲ್ಲಿ ಬರೆಯುತ್ತಿದ್ದರು. ಮೊದಲು ಮಾಸಲಾಗಿದ್ದ ಕೆಲಸಗಳು ಕೂಡ ಒಗೆದ ಮೇಲೆ ಥಳಥಳ ಹೊಳೆಯುತ್ತಿದ್ದವು.

ಹೀಗೆ ನಡೆಯುತ್ತಿರುವಾಗ ದೊಡ್ಡಮ್ಮನ ಕಣ್ಣಿಗೆ ಪೊರೆ ಬಂತು.

ಮೊದಲು ಯಾರಿಗೂ ತಿಳಿಯಲಿಲ್ಲ. ಒಂದು ದಿನ ನೆಂಟರು ಬಂದು ದೋಸೆ ಹುಯ್ಯುತ್ತಿರುವಾಗ ಗ್ಯಾಸು ಖಾಲಿಯಾಯಿತು. ಪಟ್ಟಿಯಲ್ಲಿ ‘ಗ್ಯಾಸು ಬುಕ್ ಮಾಡಬೇಕು’ ಎಂಬುದಕ್ಕೆ ಗೀಟು ಬಿದ್ದಿತ್ತು, ಮಾಡಿರಲಿಲ್ಲ. ಅದರ ಕೆಳಗಿನ ಸಾಲು ‘ಕರುವಿಗೆ ಹಗ್ಗ’ ಮಾಡಿ ಆಗಿತ್ತು, ಗೀಟು ಬಿದ್ದಿರಲಿಲ್ಲ. ಇನ್ನೊಂದು ದಿನ ತೋಟದಲ್ಲಿ ಬೆದರುಬೊಂಬೆಯ ಜೊತೆ ಐದು ನಿಮಿಷ ಮಾತಾಡಿ ಬಂದು, “ಇವ್ನು ಯಾರು ತಂಗೀ, ಕೇಳಿದ್ರೆ ಪದಿಲೇ ಹೇಳಲ್ಲ, ಅಷ್ಟು ತಿಮಿರು” ಎಂದು, ಉತ್ತರ ಕೊಡದ ಅವನ ಕೊಬ್ಬಿನ ಬಗ್ಗೆ ದೂರಿದರು. ಅತ್ತೆ ಓಡಿ ಬಂದು ನಮಗೆ ಫೋನು ಮಾಡಿದರು. ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನೋಡಿ, “ಎರಡು ಕಣ್ಣಲ್ಲೂ ಪೊರೆ ಚೆನ್ನಾಗಿ ಬಲಿತಿದೆ ಪಾಟ್ಟಿ. ಇನ್ನು ತಡಮಾಡಬಾರದು. ಒಂದು ಕಣ್ಣಿಗೆ ಅರ್ಧ ಗಂಟೆ ಕೆಲಸ, ಅಷ್ಟೇ” ಎಂದರು.

“ನಿಮಗೆ ಅರ್ಧ ಗಂಟೆ ಕೆಲಸ. ನನಗೆ ಮನೆಯಲ್ಲಿ ನಲವತ್ತಾರು ಕೆಲಸ ಇದೆ” ಎಂದು ದೊಡ್ಡಮ್ಮ ತಮಿಳಿನಲ್ಲೇ ಉತ್ತರ ಕೊಟ್ಟು ಸೊಂಟದಿಂದ ಸುರುಳಿ ತೆಗೆದರು. ಟೇಪನ್ನು ಮೂಗಿಗೆ ತಾಗಿಸಿಕೊಂಡು ನಲವತ್ತೇಳನೆಯ ಸಾಲಿನಲ್ಲಿ ‘ಕಣ್ಣು ಆಪರೇಷನ್’ ಎಂದು ಬರೆದುಕೊಂಡರು. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಸೀಲಿಂಗ್ ಫ್ಯಾನು ನೋಡಿದೆ.

“ದೊಡ್ಡಮ್ಮ, ಇದನ್ನು ಮೊದಲು ಮಾಡಿಬಿಡೋಣ” ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ.

“ವರಿಸೆ ತಪ್ಪಿದ್ರೆ ಚೆಕಿಂಗು ಕೆಡುತ್ತೆ. ಸಾಲಾಗಿ ಬರಲಿ. ಕಣ್ಣು ಅಪ್ಪುರ ನೋಡುವಾ ಕಣ್ಣು.”

ಅಪ್ಪುರ ಎಂದರೆ ಆಮೇಲೆ. ಅಂದರೆ ನಲವತ್ತಾರು ಮುಗಿಯಬೇಕು. ಮುಗಿಯುವಷ್ಟರಲ್ಲಿ ಹೊಸದು ಸೇರಬಾರದು. ಪೊರೆ ಇನ್ನೂ ಬಲಿತರೆ ಕಷ್ಟ ಎಂದು ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ನಗುವ ಮಾತಾಗಿರಲಿಲ್ಲ ಅದು. ಮನೆಯವರೆಲ್ಲ ಕೂತು ಮಾತಾಡಿದೆವು. ಮೂರು ದಿನ ಸಾಲಾಗಿ ರಜೆ ಬಂದಾಗ ನಾನೂ ನನ್ನ ಗಂಡನೂ ಹಾಸಿಗೆ ಬಟ್ಟೆ ಸಮೇತ ಮಡತ್ತುಕುಳಂಗೆ ಹೋಗಿ ಇಳಿದೆವು. ನಲ್ಲಿ, ಮೋಟಾರು, ಕಬ್ಬಿಣ, ಮರ ಎಲ್ಲ ನನ್ನ ಗಂಡನ ಪಾಲು. ಉಪ್ಪಿನಕಾಯಿ, ಹಪ್ಪಳ, ಜೇಡರ ಬಲೆ ಅತ್ತೆಯ ಪಾಲು. ಊರಿನ ಒಳಗೆ ಹೋಗಿ ಮನುಷ್ಯರ ಹತ್ತಿರ ಮಾಡಬೇಕಾದ ಕೆಲಸ ಮಾವನವರದು. ನಾನು ಟೇಪು ಹಿಡಿದು ಓದುವುದು, ಗೀಟು ಎಳೆಯುವುದು. ದೊಡ್ಡಮ್ಮ ಜಗಲಿಯಲ್ಲಿ ಕೂತು ಚೆಕಿಂಗು!

ಮೊದಲ ದಿನ ಬಚ್ಚಲ ಚಿಲಕ ಹತ್ತೇ ನಿಮಿಷದಲ್ಲಿ ಮುಗಿಯಿತು. ಬಾಗಿಲ ಅಡಿ ಒಂದಿಷ್ಟು ಕೆತ್ತಿ ನಾಲ್ಕು ಸ್ಕ್ರೂ ಬಿಗಿದರೆ ಸಾಕಾಗಿತ್ತು. (ಮಾವನವರಿಗೆ ಮಾತ್ರ ಅಭ್ಯಾಸ ಬಿಡಲಿಲ್ಲ. ಬಾಯಿ ಮುಚ್ಚಿಕೊಂಡರೆ ಎಲ್ಲಿಯವರೆಗೆ ಸೋಪು ಹಚ್ಚಿಕೊಂಡೆ ಎಂದೇ ಮರೆತುಹೋಗುತ್ತದಂತೆ.)

ಹದಿನೇಳನೆಯದು ‘ಎದುರುಮನೆ ಹುಡುಗಿಗೆ ಸೈಕಲ್ ಕಲಿಸಬೇಕು.’ ಆ ಹುಡುಗಿಗೆ ಮದುವೆಯಾಗಿ, ಬಾಣಂತನಕ್ಕೆ ಬಂದು, ಮಗುವಿಗೆ ಏಳು ತಿಂಗಳಾಗಿತ್ತು! “ಅವಳು ಸ್ಕೂಟರೇ ಓಡಿಸುತ್ತಾಳೆ ದೊಡ್ಡಮ್ಮ” ಎಂದೆ. “ಸ್ಕೂಟರ್ ನಾನು ಬರೆದಿಲ್ಲ. ಸೈಕಲ್ ಬರುತ್ತಾ ಕೇಳು” ಎಂದರು. ನನ್ನ ಗಂಡ ಸೈಕಲ್ ಬಾಡಿಗೆಗೆ ತಂದರು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಆ ಹುಡುಗಿ ನಗುತ್ತಾ ಅಂಗಳದಲ್ಲಿ ಮೂರು ಸುತ್ತು ಹಾಕಿದಳು. ದೊಡ್ಡಮ್ಮ ಚಕ್ರದ ಸದ್ದಿಗೆ ಕಿವಿಗೊಟ್ಟು ಕೂತಿದ್ದು, “ಪರವಾಗಿಲ್ಲ, ಪಾಸು” ಎಂದರು.

ಇಪ್ಪತ್ತೊಂಬತ್ತನೆಯದು ‘ಹಾಲಿನವರನ್ನು ಬೈಯಬೇಕು.’ ಯಾವಾಗಲೋ ಹಾಲಿಗೆ ನೀರು ಬೆರೆಸಿದ್ದಕ್ಕೆ ಬರೆದುಕೊಂಡಿದ್ದು. ಆತ ಹಸು ಮಾರಿ, ವ್ಯಾಪಾರ ಬಿಟ್ಟು, ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದ. ಮಾವನವರು ಜಗಳ ಎಂದರೆ ಹೆದರುವ ಪ್ರಾಣಿ. ಆದರೂ ಕೊಡೆ ಹಿಡಿದು ಹೋದರು. ಒಂದು ಗಂಟೆಯ ಮೇಲೆ ಒಂದು ಚೀಲ ಸೀಬೆಹಣ್ಣು ಹೊತ್ತುಕೊಂಡು ಬಂದರು.

“ಬೈದ್ರಾ?” ಎಂದರು ದೊಡ್ಡಮ್ಮ.

“ಬೈದೆ ಅಕ್ಕಾ.”

“ಬೈದ್ರೆ ಯಾರಾದ್ರೂ ಸೀಬೆಹಣ್ಣು ಕೊಡ್ತಾರಾ? ಡ್ಯಾಮೇಜು! ಮತ್ತೆ ಹೋಗಿ.”

ಎರಡನೆಯ ಸಲ ಮಾವನವರು ಬುದ್ಧಿ ಉಪಯೋಗಿಸಿದರು. ಅಲ್ಲಿಂದಲೇ ಫೋನು ಮಾಡಿ, ದೊಡ್ಡಮ್ಮನಿಗೆ ಕೇಳುವಂತೆ ಬೈಯತೊಡಗಿದರು. “ಏನ್ರೀ, ಹಾಲಿಗೆ ನೀರು ಹಾಕಿದ್ರಲ್ಲ, ನ್ಯಾಯವಾ?” ಎಂದು ಅವರು ನಡುಗುವ ದನಿಯಲ್ಲಿ ಹೇಳುವುದೂ, ಹಿಂದಿನಿಂದ ಆ ಹಾಲಿನವರು ತಮಿಳಿನಲ್ಲಿ, “ಇನ್ನೂ ಸ್ವಲ್ಪ ಗಟ್ಟಿಯಾಗಿ ಅಯ್ಯಾ, ಅಕ್ಕನಿಗೆ ಕೇಳಿಸಬೇಕು” ಎಂದು ಹುರಿದುಂಬಿಸುವುದೂ ಫೋನಿನಲ್ಲಿ ಚೆನ್ನಾಗಿ ಕೇಳುತ್ತಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಗೀಟು ಎಳೆದೆ.

ಮೂರನೆಯ ದಿನ ಸಂಜೆಯ ಹೊತ್ತಿಗೆ ನಲವತ್ತಾರೂ ಮುಗಿದವು. ನನ್ನ ಗಂಡನ ಕೈಯೆಲ್ಲ ಬೊಬ್ಬೆ. ಅತ್ತೆಗೆ ಸೊಂಟ ನೋವು. ಮಾವನವರಿಗೆ ಗಂಟಲು ಕಟ್ಟಿತ್ತು. ಹೊಸ ಕೆಲಸ ಹೊಳೆಯದಿರಲಿ ಎಂದು ದೊಡ್ಡಮ್ಮನನ್ನು ಟಿವಿಯ ಮುಂದೆ ಕೂರಿಸಿ, ಬೆಳಿಗ್ಗೆ ಬಸ್ಸು ಹತ್ತಿಸಿ, ನೇರ ಆಸ್ಪತ್ರೆಯ ಮೆಟ್ಟಿಲಲ್ಲಿ ಇಳಿಸಿದೆವು. ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು, ಅಲ್ಲಿಯವರೆಗೆ ಶರವಣಂಪಟ್ಟಿಯ ನಮ್ಮ ಮನೆಯಲ್ಲೇ ಇದ್ದರು. ಎರಡೂ ಚೆನ್ನಾಗಿ ಆಯಿತು. ಡಾಕ್ಟರಮ್ಮ, “ಈಗ ಸೂಜಿಯ ಕಣ್ಣೂ ಕಾಣುತ್ತದೆ ಪಾಟ್ಟಿ” ಎಂದಾಗ ನಾವು ಎಷ್ಟು ಸಂತೋಷಪಟ್ಟೆವು! ಆ ಮಾತಿನ ಅರ್ಥ ನಮಗೆ ಆಗ ಹೊಳೆಯಲೇ ಇಲ್ಲ.

ಮಡತ್ತುಕುಳಂ ಮನೆಗೆ ಬಂದರು. ಗೇಟಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ತಂಗಿಯನ್ನು ಮೊದಲು ದಿಟ್ಟಿಸಿದರು.

“ಏನೇ, ಇಷ್ಟು ಕಿಳವಿಯಾಗಿಬಿಟ್ಟಿದ್ದೀಯಾ! ಯಾವಾಗ ಆದೆ?”

“ನಾನು ಮುದುಕೀನಾ? ನೀನು ಒಳಗೆ ಬಂದು ಕನ್ನಡಿ ನೋಡ್ಕೋ, ನಾನೇ ಪರವಾಗಿಲ್ಲ ಅಂತೀಯ” ಎಂದರು ಅತ್ತೆ.

ದೊಡ್ಡಮ್ಮ ಕನ್ನಡಿಯ ಹತ್ತಿರ ಹೋದರು. ನೋಡಿದರು. ತಮ್ಮ ಮುಖದ ಮಾತು ಎತ್ತಲೇ ಇಲ್ಲ. “ಈ ಕನ್ನಡಿಯಲ್ಲಿ ಎಷ್ಟು ಕಲೆ!” ಎಂದರು. ಆಮೇಲೆ ಗೋಡೆ. ಫ್ಯಾನಿನ ರೆಕ್ಕೆ. ಪಾತ್ರೆಯ ತಳ. ನನ್ನ ಗಂಡ ಬಡಿದಿದ್ದ ಒಂದೊಂದು ಮೊಳೆ. ವರ್ಷಗಟ್ಟಲೆ ಮಂಜಿನ ಹಿಂದೆ ಅಡಗಿ ಕೂತಿದ್ದ ಕೆಲಸಗಳೆಲ್ಲ ಒಟ್ಟಿಗೆ ಎದ್ದು ನಿಂತು ಅವರಿಗೆ ನಮಸ್ಕಾರ ಹೇಳಿದವು. ಬರೆಯಬಾರದು, ಬಗ್ಗಬಾರದು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಅವರು ಹೇಳಿದರು, ನಾನು ಬರೆದೆ. ಸಂಜೆಯ ಹೊತ್ತಿಗೆ ಅರವತ್ತಮೂರು! ಅದರಲ್ಲಿ ಮೊದಲನೆಯದು, ‘ಕಣ್ಣಾಸ್ಪತ್ರೆಯ ಕಿಟಕಿ ಪರದೆ ಒಗೆಯಲು ಹೇಳಬೇಕು.’

ಮಾವನವರು ಟವೆಲು ತೆಗೆದುಕೊಂಡು ಬಚ್ಚಲುಮನೆಗೆ ಹೋಗಿ ಹೊಸ ಚಿಲಕ ಹಾಕಿಕೊಂಡರು.

ಇದಾದ ಮುಂದಿನ ವರ್ಷ ನಮ್ಮಮ್ಮ ಹೋದರು.

ಚಾಮರಾಜನಗರದಲ್ಲಿ, ಬೆಳಿಗ್ಗೆ ಹೂ ಬಿಡಿಸಿಕೊಂಡು ಬಂದು ಕೂತವರು ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ಮನೆ ತುಂಬ ಜನ. ತಮ್ಮನಿಗೆ ಏನೂ ತೋಚದ ಸ್ಥಿತಿ. ಯಾರೋ ಶಾಮಿಯಾನ ಎಂದರು, ಯಾರೋ ಕಾಫಿ ಎಂದರು. ನಾನು ಒಂದು ಚೀಟಿ ತೆಗೆದುಕೊಂಡು ಬರೆಯಲು ಶುರುಮಾಡಿದೆ. ಅಕ್ಕಿ, ಎಲೆ, ಕುರ್ಚಿ, ಯಾರಿಗೆ ಫೋನು ಮಾಡಬೇಕು, ಯಾರು ಎಲ್ಲಿ ಮಲಗಬೇಕು. ಅಮ್ಮನನ್ನು ಕಳಿಸಿಕೊಟ್ಟು ಬಂದ ಮೇಲೂ ಬರೆಯುತ್ತಲೇ ಇದ್ದೆ. ಒಂದು ಮುಗಿದರೆ ಎರಡು ಸೇರಿಸುತ್ತಿದ್ದೆ. ಎಷ್ಟು ಗಟ್ಟಿ ಹುಡುಗಿ ಎಂದು ನೆಂಟರು ಹೊಗಳಿದರು.

ಮಾರನೆಯ ದಿನ ದೊಡ್ಡಮ್ಮ ಬಂದರು. ದಿಂಬಂ ಘಾಟಿಯ ಅಷ್ಟೂ ತಿರುವುಗಳಲ್ಲಿ ವಾಂತಿ ಮಾಡಿಕೊಂಡು, ಒಬ್ಬರೇ, ಒಂದು ಬಟ್ಟೆಯ ಚೀಲದೊಂದಿಗೆ. ಬಂದು ನಡುಮನೆಯ ಗೋಡೆಗೆ ಒರಗಿ ಕೂತರು, ಅಷ್ಟೇ. ನಮ್ಮಮ್ಮನ ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಸ್ವಿಚ್ಚೊಂದು ಕಳಚಿ ನೇತಾಡುತ್ತಿತ್ತು. ಕಿಟಕಿಯ ಒಂದು ಗಾಜು ಒಡೆದು ರಟ್ಟು ಅಂಟಿಸಿತ್ತು. ಆ ಕಣ್ಣುಗಳಿಗೆ ಇದೆಲ್ಲ ಬೀಳದೆ ಇರುತ್ತದೆಯೇ? ಅವರು ಒಂದನ್ನೂ ಮುಟ್ಟಲಿಲ್ಲ, ಸೊಂಟದಿಂದ ಸುರುಳಿ ತೆಗೆಯಲಿಲ್ಲ. ಮಾವನವರ ಫೋನು ಬಂತು. ತೋಟದಲ್ಲಿ ಏನೋ ಕೆಟ್ಟಿತ್ತು. “ನೀವೇ ನೋಡ್ಕೊಳ್ಳಿ” ಎಂದು ಹೇಳಿ ಇಟ್ಟುಬಿಟ್ಟರು.

ಮೂರನೆಯ ದಿನ ಬೆಳಿಗ್ಗೆ ನೆಂಟರು ಕೆಲವರು ಹೊರಟರು. ನಾನು ಚೀಟಿ ಹಿಡಿದುಕೊಂಡೇ ದೊಡ್ಡಮ್ಮನ ಹತ್ತಿರ ಹೋದೆ.

“ಮಧ್ಯಾಹ್ನ ಒಂದು ಬಸ್ಸಿದೆ ದೊಡ್ಡಮ್ಮ. ತಮ್ಮ ಹತ್ತಿಸಿ ಬರುತ್ತಾನೆ. ನೀವು ಹೊರಡಿ. ಅಲ್ಲಿ ನಿಮಗೆ ಎಷ್ಟೊಂದು ಕೆಲಸ ಇರುತ್ತದೆ.”

ಅವರು ನನ್ನ ಕೈಯಿಂದ ಚೀಟಿ ತೆಗೆದುಕೊಂಡರು. ಅದರಲ್ಲಿದ್ದ ಕನ್ನಡ ಅವರಿಗೆ ಓದಲು ಬಾರದು. ಮಡಿಚಿ ನನ್ನ ತಮ್ಮನನ್ನು ಕರೆದು, “ಇದೆಲ್ಲ ನೀನು ನೋಡ್ಕೋ ತಂಬಿ” ಎಂದು ಕೊಟ್ಟುಬಿಟ್ಟರು. ಆಮೇಲೆ ನನ್ನ ಮುಂಗೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

“ನಂಗೆ ಯಾವ ವೇಲೆಯೂ ಇಲ್ಲ ಕಣ್ಣು” ಎಂದರು. “ನೀನು ಅಳು.”

ಅಮ್ಮ ಹೋದ ಮೇಲೆ ನಾನು ಅತ್ತಿದ್ದು ಅದೇ ಮೊದಲು. ಅವರ ಮಡಿಲಲ್ಲಿ ತಲೆಯಿಟ್ಟುಕೊಂಡು, ಜನ ಇದ್ದಾರೆ ಎನ್ನುವುದನ್ನೂ ಮರೆತು ಅತ್ತುಬಿಟ್ಟೆ. ಅವರು ನನ್ನ ಕೂದಲನ್ನು ಬೆರಳಿಂದ ಬಿಡಿಸುತ್ತಾ ಕೂತೇ ಇದ್ದರು. ಮಧ್ಯಾಹ್ನದ ಬಸ್ಸು ಹೋಯಿತು. ಸಂಜೆಯ ಬಸ್ಸೂ ಹೋಯಿತು.